ಮಳೆಗಾಲಕ್ಕೆ ಮೊದಲು ರೇಡ್ ಸಜ್ಜು ಮಾಡಿಕೊಳ್ಳಿ

ಶಿವಮೊಗ್ಗದ ಫೋಟೋ ಸ್ಟುಡಿಯೋ ಇರಲಿ, ಸಾಗರದ ಅಡಿಕೆ ಮಂಡಿ ಇರಲಿ, ನಾಲ್ಕು ಡಿಸ್ಕಿನ ನಾಸ್ ಬಾಕ್ಸ್ (ನೆಟ್‌ವರ್ಕಿನಲ್ಲಿ ಎಲ್ಲರೂ ಫೈಲ್ ಇಡುವ ಪೆಟ್ಟಿಗೆ) ಕೊಂಡವರು ಮೊದಲು ಕೇಳುವುದು ಎಷ್ಟು ಜಾಗ ಸಿಗುತ್ತದೆ ಎಂದು. ಮಲೆನಾಡಿನಲ್ಲಿ ಅದಕ್ಕೂ ಮೊದಲು ಯೋಚಿಸಬೇಕಾದದ್ದು ಕರೆಂಟಿನ ವಿಷಯ.

ರೇಡ್ ಎಂದರೆ ಹಲವು ಡಿಸ್ಕನ್ನು ಒಂದಾಗಿ ಜೋಡಿಸಿ, ಕೆಟ್ಟ ಡಿಸ್ಕಿನ ಡೇಟಾ ಮತ್ತೆ ಲೆಕ್ಕ ಹಾಕಲು ಬೇಕಾದ ಹೆಚ್ಚುವರಿ ಮಾಹಿತಿಯನ್ನೂ (ಪ್ಯಾರಿಟಿ) ಅವುಗಳಲ್ಲೇ ಇಡುವ ವಿಧಾನ. ರೇಡ್ 5 ಒಂದು ಡಿಸ್ಕ್ ಕೆಟ್ಟರೆ ತಡೆಯುತ್ತದೆ, ರೇಡ್ 6 ಎರಡು ಕೆಟ್ಟರೂ. ಜಾಗದ ಲೆಕ್ಕ ಸುಲಭ. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿದರೆ ರೇಡ್ 5ರಲ್ಲಿ 12 ಟಿಬಿ, ರೇಡ್ 6ರಲ್ಲಿ 8 ಟಿಬಿ. ಪರದೆಯಲ್ಲಿ 12ರ ಬದಲು 10.9 ಕಂಡರೆ ಗಾಬರಿ ಬೇಡ: ತಯಾರಕರದು 1000ದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ.

ಆ 4 ಟಿಬಿ ಕಳೆದುಕೊಂಡರೂ ರೇಡ್ 6 ಮಾಡಿ ಎಂದೇ ನಮ್ಮ ಸಲಹೆ. ಒಂದು ಡಿಸ್ಕ್ ಕೆಟ್ಟು ಹೊಸದು ಹಾಕಿದರೆ ಉಳಿದ ಮೂರನ್ನೂ ಪೂರ್ತಿ ಓದಿ ರೀಬಿಲ್ಡ್ ಆಗಬೇಕು, ಅಂದರೆ ಕಳೆದ ಡೇಟಾ ಹೊಸ ಡಿಸ್ಕಿನಲ್ಲಿ ಮತ್ತೆ ಕಟ್ಟಬೇಕು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ ಏಳೂವರೆ ಗಂಟೆ. ಜನ ಕೆಲಸ ಮಾಡುತ್ತಲೇ ಇದ್ದರೆ ಇನ್ನೂ ಹೆಚ್ಚು. ರೇಡ್ 5ರಲ್ಲಿ ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕಿನ ಒಂದು ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು) ಓದಲಾಗದಿದ್ದರೂ ಅಲ್ಲಿನ ಡೇಟಾ ಹೋಯಿತು, ರೇಡ್ ನಡೆಸುವ ಕೆಲವು ಕಂಟ್ರೋಲರ್‌ಗಳು ರೀಬಿಲ್ಡನ್ನೇ ನಿಲ್ಲಿಸಿಬಿಡುತ್ತವೆ. ರೇಡ್ 6ರಲ್ಲಿ ಎರಡನೇ ಪ್ಯಾರಿಟಿ ಕೈ ಹಿಡಿಯುತ್ತದೆ. ಎಸ್‌ಎಂಆರ್ ಡಿಸ್ಕ್ (ಡೇಟಾದ ಸಾಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಬರೆಯುವ ಬಗೆ) ಮಾತ್ರ ತರಬೇಡಿ, ರೀಬಿಲ್ಡ್ ದಿನಗಟ್ಟಲೆ ಎಳೆಯುತ್ತದೆ.

ಇನ್ನು ಕರೆಂಟ್. ಜುಲೈ ಮಳೆಗೆ ಮರ ಲೈನ್ ಮೇಲೆ ಬಿದ್ದರೆ ಯಾವಾಗ ಬರುತ್ತದೋ ಹೇಳಲಾಗದು. ಡಿಸ್ಕ್ ಕೆಟ್ಟಿರುವಾಗಲೇ ಬರೆಯುತ್ತಾ ಇದ್ದ ಬಾಕ್ಸ್ ಧಡಕ್ಕನೆ ಆಫ್ ಆದರೆ ಡೇಟಾ ಒಂದು ಕಡೆ, ಪ್ಯಾರಿಟಿ ಇನ್ನೊಂದು ಕಡೆ ಆಗುತ್ತದೆ. ಅಂಥ ರೇಡ್ 5 ಅನ್ನು ಲಿನಕ್ಸ್ (ಹೆಚ್ಚಿನ ನಾಸ್ ಬಾಕ್ಸ್‌ಗಳ ಒಳಗಿನ ಆಪರೇಟಿಂಗ್ ಸಿಸ್ಟಮ್) ತಾನಾಗಿ ಶುರು ಮಾಡುವುದಿಲ್ಲ. ಬಲವಂತವಾಗಿ ಶುರು ಮಾಡಿದರೆ ಯಾವ ಫೈಲ್ ಕೆಟ್ಟಿದೆ ಎಂಬ ಸುಳಿವೂ ಸಿಗದು. ಮನೆಯ ಇನ್ವರ್ಟರ್ ಇದ್ದರೆ ಸಾಕು ಅಂದುಕೊಳ್ಳಬೇಡಿ. ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಬಾಕ್ಸಿಗೆ ಹೇಳುವುದಿಲ್ಲ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಹಾಕಿ, ಬ್ಯಾಟರಿ ಅರ್ಧಕ್ಕೆ ಇಳಿಯುತ್ತಲೇ ಶಟ್‌ಡೌನ್ ಆಗುವಂತೆ ಹೊಂದಿಸಿ. ಸರಿಯಾಗಿ ಆಫ್ ಆದರೆ ಲಿನಕ್ಸಿನ ರೀಬಿಲ್ಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಮೇ ತಿಂಗಳಲ್ಲಿ ಒಂದು ಸಲ ಪೂರ್ತಿ ಸ್ಕ್ರಬ್ (ಎಲ್ಲ ಡಿಸ್ಕನ್ನೂ ಓದಿ ಪ್ಯಾರಿಟಿ ತಾಳೆ ನೋಡುವುದು) ಓಡಿಸಿ, ಆಮೇಲೆ ತಿಂಗಳಿಗೊಮ್ಮೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5 (ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್), 197 (ಓದಲಾಗದೆ ಕಾದಿರುವ ಸೆಕ್ಟರ್), 198 (ಸರಿಪಡಿಸಲಾಗದ ಸೆಕ್ಟರ್) ಸಂಖ್ಯೆಯ ಸಾಲು ನೋಡಿ. 197 ಸೊನ್ನೆಗೆ ಇಳಿಯದಿದ್ದರೆ, ಅಥವಾ 5 ಏರುತ್ತಲೇ ಇದ್ದರೆ, ಆ ಡಿಸ್ಕನ್ನು ಮಳೆಗೆ ಮೊದಲೇ ಬದಲಿಸಿ. 199 ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕಿನದಲ್ಲ, ಕೇಬಲ್ಲಿನದು. ಥಂಡಿಗೆ ಸಾಟಾ ಕನೆಕ್ಟರ್ ಕಿಲುಬು ಹಿಡಿದಿರಬಹುದು. ಕೇಬಲ್ ಬದಲಿಸಿ, ಬಾಕ್ಸನ್ನು ನೀರು ಜಿನುಗುವ ಗೋಡೆಯಿಂದ ದೂರ ಇಡಿ.

ಪ್ರತಿ ಟ್ರೇ ಮೇಲೆ ಡಿಸ್ಕಿನ ಸೀರಿಯಲ್ ನಂಬರಿನ ಚೀಟಿ ಈಗಲೇ ಅಂಟಿಸಿ. ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನು ಎಳೆದು ರೇಡ್ ಕಳೆದುಕೊಳ್ಳುವುದು ತೀರಾ ಸಾಮಾನ್ಯ. ವರದಿಯ ನಂಬರಿಗೂ ಚೀಟಿಯ ನಂಬರಿಗೂ ತಾಳೆ ನೋಡಿಯೇ ಕೈ ಹಾಕಿ.

ಜಾಗ ಶೇ. 80 ತುಂಬುವ ಹೊತ್ತಿಗೆ ಹಳೆಯ ಸ್ನ್ಯಾಪ್‌ಶಾಟ್ (ಒಂದು ಹೊತ್ತಿನ ಫೈಲ್‌ಗಳನ್ನು ಹಾಗೇ ಹಿಡಿದಿಟ್ಟದ್ದು) ಅಳಿಸಿ. ಫೈಲ್ ಅಳಿಸಿದರೂ ಜಾಗ ಬಿಡುಗಡೆ ಆಗದಿರಲು ಹೆಚ್ಚಾಗಿ ಅವೇ ಕಾರಣ. ಆಗಲೂ ಸಾಲದಿದ್ದರೆ ಒಂದೊಂದೇ ದೊಡ್ಡ ಡಿಸ್ಕ್ ಬದಲಿಸಿ, ಪ್ರತಿ ಸಲ ರೀಬಿಲ್ಡ್ ಮುಗಿಯುವ ತನಕ ಕಾಯಿರಿ. ನಾಲ್ಕೂ ಆದ ಮೇಲೆ ಮೊದಲು ರೇಡ್, ನಂತರ ಫೈಲ್‌ಸಿಸ್ಟಮ್ (ಅದರ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹಿಗ್ಗಿಸಿ. ಈ ಕೆಲಸ ಬೇಸಿಗೆಗೆ ಇಟ್ಟುಕೊಳ್ಳಿ.

ಸಿಡಿಲು ಬಡಿದರೆ ನಾಲ್ಕೂ ಡಿಸ್ಕ್ ಒಟ್ಟಿಗೇ ಹೋಗಬಹುದು, ಅದಕ್ಕೆ ಯಾವ ರೇಡೂ ಉತ್ತರವಲ್ಲ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಪ್ರತಿ ತೆಗೆದು, ವೈರ್ ಕಳಚಿ, ಬೇರೆ ಕಟ್ಟಡದಲ್ಲಿಡಿ. ಆಗಾಗ ಅದರಿಂದ ಒಂದೆರಡು ಫೈಲ್ ವಾಪಸ್ ತೆಗೆದು ತೆರೆಯುತ್ತದೆಯೇ ನೋಡಿ.