ಯಾವ ಎಫೆಕ್ಟಿಗೆ ಯಾವ ಜಾಗ: ಜೇಬಿನ ಕ್ಯಾಮೆರಾ ಜೊತೆ ಕಾಸರಗೋಡಿನಲ್ಲಿ

ನನ್ನ ಹತ್ತಿರ ಇರುವುದು ಕ್ಯಾನನ್ ಪವರ್‌ಶಾಟ್ ಸರಣಿಯ ಒಂದು ಹಳೆಯ ಪುಟ್ಟ ಕ್ಯಾಮೆರಾ. ಅಂಗಿ ಜೇಬಿನಲ್ಲಿ ಕೂರುತ್ತದೆ. ಬದಿಯಡ್ಕ ಪೇಟೆಗೆ ಹೊರಟರೂ ತೋಟಕ್ಕೆ ಇಳಿದರೂ ಜೊತೆಗೇ ಇರುತ್ತದೆ. ಅದರ ಮೆನುವಿನಲ್ಲಿ ಮಿನಿಯೇಚರ್, ಟಾಯ್ ಕ್ಯಾಮೆರಾ, ಫಿಶ್ ಐ, ಕಲರ್ ಆಕ್ಸೆಂಟ್, ಮೊನೊಕ್ರೋಮ್ ಅಂತ ಒಂದಷ್ಟು ಎಫೆಕ್ಟ್‌ಗಳಿವೆ, ಅಂದರೆ ಫೋಟೋ ತೆಗೆಯುವಾಗಲೇ ಅದರ ರೂಪ ಬದಲಿಸುವ ಆಯ್ಕೆಗಳು. ಹೆಚ್ಚಿನವರು ಹೊಸತರಲ್ಲಿ ಎಲ್ಲವನ್ನೂ ಒಮ್ಮೆ ತಿರುಗಿಸಿ ನೋಡಿ ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಅವು ತುಂಬಾ ಇಷ್ಟ. ಒಂದೊಂದು ಎಫೆಕ್ಟೂ ಒಂದೊಂದು ಥರದ ಜಾಗ ಕೇಳುತ್ತದೆ. ಆ ಜಾಗ ಹುಡುಕಿಕೊಂಡು ಹೋಗುವುದರಲ್ಲೇ ನನ್ನ ಖುಷಿ.

ಮಿನಿಯೇಚರ್ ಎತ್ತರ ಕೇಳುತ್ತದೆ. ಇದು ಚಿತ್ರದ ಮೇಲಿನ ಮತ್ತು ಕೆಳಗಿನ ಭಾಗವನ್ನು ಮಸುಕು ಮಾಡಿ, ನಡುವಿನ ಒಂದು ಪಟ್ಟಿಯನ್ನು ಮಾತ್ರ ಸ್ಪಷ್ಟವಾಗಿ ಉಳಿಸುತ್ತದೆ. ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆದಾಗ ಹಿಂದೆ ಮುಂದೆ ಹೀಗೆಯೇ ಮಸುಕಾಗುತ್ತದೆ ಅಲ್ವಾ, ಅದಕ್ಕೇ ನಮ್ಮ ಕಣ್ಣು ದೊಡ್ಡ ಬಸ್ಸನ್ನೂ ಆಟಿಕೆ ಅಂತ ನಂಬುತ್ತದೆ. ನೆಲದ ಮೇಲೆ ನಿಂತು ತೆಗೆದರೆ ಆ ಭ್ರಮೆ ಹುಟ್ಟುವುದಿಲ್ಲ, ಸುಮ್ನೆ ಫೋಕಸ್ ತಪ್ಪಿದ ಫೋಟೋ ಥರ ಕಾಣುತ್ತದೆ. ಬೇಕಲ ಕೋಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅದು. ನಡುವಿನ ವೀಕ್ಷಣಾ ಬುರುಜು ಹತ್ತಿದರೆ ಹುಲ್ಲಿನ ಮಧ್ಯೆ ಓಡಾಡುವ ಜನ, ಆಚೆ ಸಮುದ್ರ, ಎಲ್ಲ ಕಾಲಕೆಳಗೆ. ನಾನು ಬೆಳಿಗ್ಗೆಯೇ ಹೋಗುತ್ತೇನೆ. ಸಮುದ್ರ ಪಡುವಣಕ್ಕೆ ಇರುವುದರಿಂದ ಸಂಜೆ ಆ ಕಡೆ ತಿರುಗಿದರೆ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತದೆ. ಇದೇ ಎಫೆಕ್ಟಿನಲ್ಲಿ ವಿಡಿಯೋ ಕೂಡ ತೆಗೆಯಬಹುದು. 5, 10 ಅಥವಾ 20 ಪಟ್ಟು ವೇಗದಲ್ಲಿ ಓಡುತ್ತದೆ, ಶಬ್ದ ಇರುವುದಿಲ್ಲ. ಮಕ್ಕಳಿಗಂತೂ ಭಾರೀ ಇಷ್ಟ.

ಕಲರ್ ಆಕ್ಸೆಂಟ್ ವಿಷಯ ಬೇರೆ. ನಾವು ಆರಿಸಿದ ಒಂದು ಬಣ್ಣ ಉಳಿದು, ಮಿಕ್ಕಿದ್ದೆಲ್ಲ ಕಪ್ಪು ಬಿಳುಪಾಗುತ್ತದೆ. ಸೋನಿಯಲ್ಲಿ ಇದಕ್ಕೆ ಪಾರ್ಷಿಯಲ್ ಕಲರ್ ಅಂತ ಹೆಸರು. ಅಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಇಷ್ಟರಲ್ಲೇ ಆರಿಸಬೇಕು. ಕ್ಯಾನನ್‌ನಲ್ಲಿ ಬೇಕಾದ ಬಣ್ಣಕ್ಕೇ ಕ್ಯಾಮೆರಾ ಹಿಡಿದು ಅದನ್ನು ಹೆಕ್ಕಿಕೊಳ್ಳಬಹುದು. ಅಂಗಳದಲ್ಲಿ ಒಣಹಾಕಿದ ಹಣ್ಣಡಿಕೆ ಕಂಡರೆ ಯಾರಿಗಾದರೂ ಆ ಕಿತ್ತಳೆ ಬಣ್ಣವನ್ನೇ ಹೆಕ್ಕುವ ಅನಿಸುತ್ತದೆ. ಆದರೆ ನಮ್ಮೂರಿನ ಕೆಂಪು ಮಣ್ಣು, ಹಂಚಿನ ಮಾಡು, ಅಡಿಕೆ ಹರಗುವವರ ಕೈಯ ಚರ್ಮ, ಎಲ್ಲವೂ ಆ ಬಣ್ಣಕ್ಕೆ ಹತ್ತಿರದವೇ. ಅವೂ ಅಲ್ಲಲ್ಲಿ ಬಣ್ಣ ಉಳಿಸಿಕೊಳ್ಳುತ್ತವೆ. ಬಣ್ಣದ ವ್ಯಾಪ್ತಿಯನ್ನು ಕಿರಿದು ಮಾಡಿದರೆ ಅಡಿಕೆಯಲ್ಲೇ ಅರ್ಧ ಬೂದು ಬಣ್ಣಕ್ಕೆ ತಿರುಗುತ್ತದೆ. ಕಾಸರಗೋಡಿನಲ್ಲಿ ಈ ಎಫೆಕ್ಟಿಗೆ ಒಪ್ಪುವುದು ನೀಲಿ. ಮಳೆಗಾಲ ಬಂತೆಂದರೆ ಕಟ್ಟಿಗೆ ರಾಶಿ, ಹಟ್ಟಿ, ಪೇಟೆಯ ತರಕಾರಿ ಅಂಗಡಿ, ಎಲ್ಲ ಕಡೆ ನೀಲಿ ಟರ್ಪಾಲು. ಮೋಡದ ಬೆಳಕಿನಲ್ಲಿ ಆ ನೀಲಿ ಒಂದೇ ಉಳಿದಾಗ ಅದರ ಮಡಿಕೆಯಲ್ಲಿ ನಿಂತ ನೀರು, ಅಂಚಿನ ಹಗ್ಗದ ಗಂಟು ಎಲ್ಲ ಎದ್ದು ಕಾಣುತ್ತದೆ. "ಎಂತ ಮಾರಾಯ, ಟರ್ಪಾಲಿನ ಫೋಟೋ ಯಾಕೆ?" ಅಂತ ಕೇಳಿದ ಅಂಗಡಿಯವರು ಚಿತ್ರ ನೋಡಿ, ತಮಗೂ ಒಂದು ಪ್ರತಿ ಬೇಕೆಂದರು.

ನನಗೆ ಎಲ್ಲಕ್ಕಿಂತ ಪ್ರೀತಿ ಮೊನೊಕ್ರೋಮ್ ಅಂದರೆ ಕಪ್ಪು ಬಿಳುಪಿನ ಮೇಲೆ, ಅದೂ ಸುರಂಗದ ಹತ್ತಿರ. ನಮ್ಮ ಕಡೆ ನೀರಿಗಾಗಿ ಗುಡ್ಡದ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೆ ಕೊರೆದು ಸುರಂಗ ಮಾಡುತ್ತಾರೆ. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಒಸರುವ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಸುರಂಗದ ಬಾಯಿಯಲ್ಲಿ ಬೆಳಕು ಪಕ್ಕದಿಂದ ಬೀಳುವಾಗ ಗೋಡೆಯ ಮೇಲೆ ಪಿಕ್ಕಾಸಿನ ಒಂದೊಂದು ಗಾಯವೂ ಕಾಣುತ್ತದೆ. ಬಣ್ಣದ ಫೋಟೋದಲ್ಲಿ ಕಣ್ಣು ಕೆಂಪಿಗೇ ಅಂಟಿಕೊಳ್ಳುತ್ತದೆ, ಕಪ್ಪು ಬಿಳುಪಿನಲ್ಲಿ ಕಲ್ಲಿನ ತೂತು, ಏಟಿನ ಗೆರೆ, ನೀರಿನ ಹೊಳಪು ಮುಂದೆ ಬರುತ್ತವೆ. ಒಳಗೆ ಕತ್ತಲೆ ಇರುವುದರಿಂದ ಕ್ಯಾಮೆರಾ ಇಡೀ ಚಿತ್ರವನ್ನು ಜಾಸ್ತಿ ಬೆಳಗಿಸಲು ನೋಡುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಚಿತ್ರದ ಬೆಳಕಿನ ಮಟ್ಟವನ್ನು, ಮೈನಸ್ ಕಡೆಗೆ ಒಂದು ಹಂತ ಇಳಿಸಿದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಕ್ಯಾಮೆರಾವನ್ನು ಕಲ್ಲಿನ ಮೇಲೆ ಕೂರಿಸಿ, 2 ಸೆಕೆಂಡಿನ ಟೈಮರ್ ಹಾಕುತ್ತೇನೆ. ಕೈ ತಾಗದ ಕಾರಣ ಅಲುಗುವುದಿಲ್ಲ. ಆ ಸುರಂಗ ಕೊರೆದವರ ಕೈಕೆಲಸ ಯಾವ ಶಿಲ್ಪಿಗೂ ಕಡಿಮೆಯಿಲ್ಲ ಅನ್ನುವುದು ನನ್ನ ನಂಬಿಕೆ.

ಫಿಶ್ ಐ ಅಡಿಕೆ ತೋಟಕ್ಕೆ ಚಂದ, ನೆಟ್ಟಗಿನ ಮರಗಳು ಅಂಚಿನಲ್ಲಿ ಬಾಗುತ್ತವೆ. ಮುಖಕ್ಕೆ ಬೇಡ. ರಾತ್ರಿಯ ಯಕ್ಷಗಾನ ಬಯಲಾಟಕ್ಕೆ ಯಾವ ಎಫೆಕ್ಟೂ ಬೇಡ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಇಷ್ಟು ಸಣ್ಣ ಸೆನ್ಸರಿಗೆ ಸಿಗುವ ಬೆಳಕೇ ಕಡಿಮೆ, ಇನ್ನು ವೇಷದ ಬಣ್ಣವನ್ನು ಕೆಡಿಸುವುದು ಯಾಕೆ?

ಒಂದು ಮುಖ್ಯ ವಿಷಯ. ನನ್ನ ಕ್ಯಾಮೆರಾದಲ್ಲಿ ಎಫೆಕ್ಟ್ ಹಾಕಿ ತೆಗೆದರೆ ಮೂಲ ಚಿತ್ರ ಬೇರೆಯಾಗಿ ಉಳಿಯುವುದಿಲ್ಲ. ಹಾಗಾಗಿ ಮದುವೆ, ಪೂಜೆ, ಮಗುವಿನ ನಗು ಇಂಥವನ್ನು ಮೊದಲು ಸಾದಾ ಮೋಡ್‌ನಲ್ಲಿ ತೆಗೆದು, ಆಮೇಲೆ ಎಫೆಕ್ಟಿಗೆ ಹೋಗುತ್ತೇನೆ.

ಇನ್ನು ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಕಪಾಟಿನಲ್ಲಿಟ್ಟ ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿಯಲು ಹೆಚ್ಚು ಸಮಯ ಬೇಡ. ಚರ್ಮದ ಚೀಲದಲ್ಲಿ ಇಡಲೇಬೇಡಿ, ಅದೇ ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿತು ಅಂತ ಲೆಕ್ಕ, ಹೊಸ ಪೊಟ್ಟಣ ಹಾಕಬೇಕು. ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ, ಆ ಹರಳು ಬಾಯಿಗೆ ಹೋಗಬಾರದು.