ಕತ್ತು ನೋಡಿ ಫೌಂಡೇಶನ್ ಕೊಳ್ಳಿ

ಮದುವೆ ಆಲ್ಬಮ್ಮಿನಲ್ಲಿ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ, ಕೈ ಇನ್ನೊಂದು ಬಣ್ಣ ಕಾಣುತ್ತಿದ್ದರೆ ಫೋಟೊ ತೆಗೆದವರನ್ನು ಬೈದು ಪ್ರಯೋಜನವಿಲ್ಲ. ತಪ್ಪಾಗಿರುವುದು ಫೌಂಡೇಶನ್, ಅಂದರೆ ಮುಖದ ಬಣ್ಣ ಸಮ ಮಾಡಲು ಹಚ್ಚುವ ಮೇಕಪ್, ಕೊಂಡ ಅಂಗಡಿಯಲ್ಲಿ. “ಒಂದು ಶೇಡ್ ತಿಳಿಯದ್ದು ತಗೊಳ್ಳಿ ಮೇಡಂ, ಮುಖ ಲಕ್ಷಣವಾಗಿ ಕಾಣತ್ತೆ” ಎಂಬ ಮಾತು ನಮ್ಮ ಕಡೆ ಇನ್ನೂ ನಿಂತಿಲ್ಲ.

ಆ ಮಾತು ಯಾಕೆ ಸುಳ್ಳು ಅಂದರೆ, ಫೌಂಡೇಶನ್ನಿಗೆ ಬಣ್ಣ ಕೊಡುವುದು ಮುಖ್ಯವಾಗಿ ನಾಲ್ಕೇ ಪುಡಿ: ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಹಳದಿ, ಕೆಂಪು, ಕಪ್ಪಿಗೆ ಮೂರು ಬಗೆಯ ಐರನ್ ಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಪುಡಿಯ ಪಾಲು ಜಾಸ್ತಿ. ಗೋಧಿಬಣ್ಣದ ಅಥವಾ ಎಣ್ಣೆಗೆಂಪು ಚರ್ಮದ ಮೇಲೆ ಆ ಬಿಳಿ ತೆಳ್ಳಗೆ ಕೂತಾಗ ಮುಖ ಬೆಳ್ಳಗಾಗುವುದಿಲ್ಲ, ವಿಭೂತಿ ಉಜ್ಜಿಕೊಂಡಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ಕಾಂತಿ ಬೇಕಿದ್ದರೆ ಸರಿಯಾದ ಶೇಡ್ ಹಚ್ಚಿ, ಆಮೇಲೆ ಕೆನ್ನೆಗೆ ಬ್ಲಶ್ ಹಚ್ಚಿ. ಬೆಳಕು ಬರುವುದು ಅಲ್ಲಿಂದ.

ಶೇಡ್ ಹುಡುಕುವ ಬಗೆ

ಮುಂಗೈ ಮೇಲೆ ಹಚ್ಚಿ ನೋಡುವುದನ್ನು ಮೊದಲು ಬಿಡಿ. ಕೈಗೆ ಬಿಸಿಲು ಬೀಳುವ ಲೆಕ್ಕವೇ ಬೇರೆ. ಮೇಕಪ್ ಇಲ್ಲದ ಮುಖದಲ್ಲಿ ಹಗಲು ಹೊತ್ತು ಅಂಗಡಿಗೆ ಹೋಗಿ. ಸುಮಾರಾಗಿ ಹೊಂದಬಹುದು ಅನ್ನಿಸುವ ಮೂರು ಶೇಡ್ ಆರಿಸಿ, ದವಡೆಯ ಅಂಚಿನಿಂದ ಕತ್ತಿನ ಕಡೆಗೆ ಇಳಿಯುವಂತೆ ಒಂದೊಂದು ಇಂಚಿನ ಮೂರು ಗೀಟು ಎಳೆಯಿರಿ. ನಡುವೆ ಬೆರಳಗಲ ಜಾಗ ಇರಲಿ. ಈಗ ಕನ್ನಡಿ ಹಿಡಿದು ಬಾಗಿಲಾಚೆ ಬನ್ನಿ. ಅಂಗಡಿಯ ಹಳದಿ ದೀಪದಲ್ಲಿ ಎಲ್ಲ ಶೇಡೂ ಚೆನ್ನಾಗಿಯೇ ಕಾಣುತ್ತವೆ, ಮೊಬೈಲ್ ಕ್ಯಾಮೆರಾ ತನಗೆ ಬೇಕಾದಂತೆ ಬಣ್ಣ ತಿದ್ದಿಕೊಳ್ಳುತ್ತದೆ. ಹಗಲ ಬೆಳಕಿನಲ್ಲಿ ಯಾವ ಗೀಟು ಚರ್ಮದೊಳಗೆ ಕರಗಿ ಕಾಣದಾಗುತ್ತದೋ ಅದು ನಿಮ್ಮದು.

ಆದರೆ ತಕ್ಷಣ ಬಿಲ್ ಮಾಡಿಸಬೇಡಿ. ಅರ್ಧ ಗಂಟೆ ಆಚೀಚೆ ಓಡಾಡಿ ಬಂದು ಮತ್ತೆ ನೋಡಿ. ಬೇಗ ಆರುವ ದ್ರವ ಹಾರಿಹೋಗಿ, ಚರ್ಮದ ಎಣ್ಣೆ ಬಣ್ಣದ ಪುಡಿಗೆ ಸೇರಿದಾಗ ಅನೇಕ ಫೌಂಡೇಶನ್‌ಗಳು ಅರ್ಧ ಶೇಡ್ ಕಪ್ಪಾಗುತ್ತವೆ, ಕೆಲವು ಕಿತ್ತಳೆಗೆ ತಿರುಗುತ್ತವೆ. ಎಣ್ಣೆ ಮುಖದವರಿಗೆ ಇದು ಇನ್ನೂ ಜೋರು. ಹಚ್ಚಿದಾಗ ಸರಿ ಇದ್ದು ಮಧ್ಯಾಹ್ನಕ್ಕೆ ಇಟ್ಟಿಗೆ ಬಣ್ಣವಾಗುವ ಮುಖದ ಗುಟ್ಟು ಇದೇ.

ಬಣ್ಣ ಎಷ್ಟು ಗಾಢ ಅನ್ನುವುದು ಒಂದು ಲೆಕ್ಕ, ಅದರ ಒಳಛಾಯೆ ಇನ್ನೊಂದು. ಒಂದೇ ಗಾಢತೆಯ ಮೂವರಲ್ಲಿ ಒಬ್ಬರದು ಹಳದಿ ಕಡೆಗೆ ವಾಲಿದರೆ ಇನ್ನೊಬ್ಬರದು ಕೆಂಪಿನ ಕಡೆಗೆ, ಮತ್ತೊಬ್ಬರದು ತುಸು ಹಸಿರಿನ ಕಡೆಗೆ. ಮಣಿಕಟ್ಟಿನ ನರ ನೀಲಿಯೋ ಹಸಿರೋ ಎಂದು ನೋಡುವ ಉಪಾಯ ತುಂಬ ಬೆಳ್ಳಗಿನ ಚರ್ಮಕ್ಕೆ ಹೇಳಿದ್ದು. ಸಾದಗಪ್ಪು ಚರ್ಮದಲ್ಲಿ ಎಲ್ಲ ನರವೂ ಹಸಿರಾಗಿಯೇ ಕಂಡೀತು. ಅದರ ಬದಲು ಒಂದೇ ಗಾಢತೆಯ ಹಳದಿ ಛಾಯೆಯದನ್ನೂ ಕೆಂಪು ಛಾಯೆಯದನ್ನೂ ಪಕ್ಕಪಕ್ಕ ಹಚ್ಚಿ. ಹೊಂದದ್ದು ಎದ್ದು ಕಾಣುತ್ತದೆ. ಹಳದಿಯದು ಕಾಮಾಲೆಯಂತೆ, ಕೆಂಪಿನದು ಗುಲಾಬಿಯಂತೆ, ಎರಡೂ ಪರಕೀಯವಾಗಿ ಕಂಡರೆ ನಿಮ್ಮದು ಹಸಿರು ಛಾಯೆ ಇರಬಹುದು. ಡಬ್ಬಿಯ ಮೇಲೆ ‘ಆಲಿವ್’ ಎಂದಿರುವುದನ್ನು ಹುಡುಕಿ.

ಶೇಡ್ ಹೆಸರುಗಳಲ್ಲಿ ಒಂದು ಗೊಂದಲ ಹೇಳಲೇಬೇಕು. ಮ್ಯಾಕ್ ಕಂಪನಿಯ ‘ಎನ್‌ಸಿ’ಯಲ್ಲಿ ‘ಸಿ’ ಅಂದರೆ ಕೂಲ್, ‘ಎನ್‌ಡಬ್ಲ್ಯು’ನಲ್ಲಿ ‘ಡಬ್ಲ್ಯು’ ಅಂದರೆ ವಾರ್ಮ್. ಆದರೂ ಹಳದಿ ಛಾಯೆಯವರಿಗೆ ಎನ್‌ಸಿ, ಗುಲಾಬಿ ಛಾಯೆಯವರಿಗೆ ಎನ್‌ಡಬ್ಲ್ಯು. ಬೇರೆ ಹಲವು ಕಂಪನಿಗಳಲ್ಲಿ ‘ಡಬ್ಲ್ಯು’ ಹಳದಿಗೆ. ಅಕ್ಷರ ನಂಬಿ ಆನ್‌ಲೈನ್‌ನಲ್ಲಿ ತರಿಸಿಕೊಂಡವರು ಇಲ್ಲೇ ಎಡವುತ್ತಾರೆ.

ಮುಖಕ್ಕಿಂತ ಕತ್ತು ಕಪ್ಪಿದ್ದರೆ ಯಾವುದಕ್ಕೆ ಹೊಂದಿಸಬೇಕು? ಸೀರೆ, ಅಗಲ ಕತ್ತಿನ ರವಿಕೆ ಉಡುವವರು ಕತ್ತಿನ ಬುಡಕ್ಕೂ ಎದೆಯ ಮೇಲ್ಭಾಗಕ್ಕೂ ಹೊಂದಿಸಿ. ನೋಡುವವರ ಕಣ್ಣಿಗೆ ಬೀಳುವುದು ಮುಖ ಮತ್ತು ಅದರ ಕೆಳಗಿನ ಇಷ್ಟು ಜಾಗ ಒಟ್ಟಿಗೆ.

ಯಾವ ಬಗೆ?

ಮುಖ ತೊಳೆದು ಏನೂ ಹಚ್ಚದೆ ಒಂದು ಗಂಟೆ ಬಿಡಿ. ಟಿಶ್ಯೂ ಒತ್ತಿದಾಗ ಎಲ್ಲ ಕಡೆ ಎಣ್ಣೆ ಹತ್ತಿದರೆ ಎಣ್ಣೆ ಚರ್ಮ, ಹಣೆ-ಮೂಗಿನಲ್ಲಿ ಮಾತ್ರವಾದರೆ ಮಿಶ್ರ, ಏನೂ ಹತ್ತದೆ ಕೆನ್ನೆ ಬಿಗಿದರೆ ಒಣ. ಎಣ್ಣೆ ಮುಖಕ್ಕೆ ಮ್ಯಾಟ್ (ಹೊಳಪಿಲ್ಲದ್ದು), ಒಣ ಮುಖಕ್ಕೆ ಡ್ಯೂಯಿ (ಹೊಳಪಿನದು) ಅಥವಾ ಕ್ರೀಮ್. ಮಿಕ್ಕವರಿಗೆ ಡಬ್ಬಿಯಲ್ಲಿ ‘ಸ್ಯಾಟಿನ್’ ಅಥವಾ ‘ನ್ಯಾಚುರಲ್’ ಎಂದಿರುವುದು ಸಾಕು.

ಊರೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಕ್ರೀಮ್ ಫೌಂಡೇಶನ್ ಹತ್ತು ಗಂಟೆಗೇ ಜಾರಲು ಶುರು, ಅಲ್ಲಿ ಮ್ಯಾಟೇ ಸರಿ. ಅದೇ ಹೆಣ್ಣುಮಗಳು ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದು ಅದೇ ಮ್ಯಾಟ್ ಹಚ್ಚಿದರೆ ಮೂಗಿನ ಪಕ್ಕ ಸಿಪ್ಪೆ ಎದ್ದೀತು. ಎರಡು ಬಾಟಲಿ ಬೇಡ. ಚಳಿಗಾಲದಲ್ಲಿ ಮಾಯಿಶ್ಚರೈಸರ್ ಹೆಚ್ಚಿಸಿ, ಪೌಡರ್ ಇಳಿಸಿ.

ಹಚ್ಚುವ ಮುಂಚೆ

ಮಾಯಿಶ್ಚರೈಸರ್, ಅದರ ಮೇಲೆ ಎರಡು ಬೆರಳುದ್ದ ಸನ್‌ಸ್ಕ್ರೀನ್. ಫೌಂಡೇಶನ್ನಿನಲ್ಲೇ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ) ಇದೆಯಲ್ಲ ಅಂದುಕೊಳ್ಳಬೇಡಿ. ಆ ಅಂಕಿ ಸಿಗುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಅಷ್ಟು ಫೌಂಡೇಶನ್ ಮೆತ್ತಿಕೊಂಡರೆ ಬಯಲಾಟದ ವೇಷವೇ ಆದೀತು.

ಸನ್‌ಸ್ಕ್ರೀನ್ ಕೂರಲು 10ರಿಂದ 15 ನಿಮಿಷ ಕೊಡಿ. ಅವಸರ ಮಾಡಿದರೆ ಮುಖದ ಮೇಲೆ ರಬ್ಬರ್ ಉಜ್ಜಿದಂತೆ ಸಣ್ಣ ಸಣ್ಣ ಉಂಡೆ ಏಳುತ್ತದೆ. ಸಮಯ ಕೊಟ್ಟರೂ ಉಂಡೆ ಎದ್ದರೆ ಕೆಳಗಿನದೂ ಮೇಲಿನದೂ ಹೊಂದುತ್ತಿಲ್ಲ ಎಂದರ್ಥ. ಪದಾರ್ಥಗಳ ಪಟ್ಟಿಯ ಮೊದಲ ಸಾಲುಗಳಲ್ಲಿ ‘ಕೋನ್’, ‘ಸಿಲೋಕ್ಸೇನ್’ ಎಂದು ಮುಗಿಯುವ ಹೆಸರು ತುಂಬಿದ್ದರೆ ಅದು ಸಿಲಿಕೋನ್ ಆಧಾರದ್ದು. ಅದರ ಮೇಲೆ ಬರೀ ನೀರಿನ ಆಧಾರದ್ದು ಹಿಡಿಯುವುದು ಕಷ್ಟ. ಪಟ್ಟಿ ಓದಲು ಬೇಸರವಾದರೆ ಮುಂಗೈ ಮೇಲೆ ಪ್ರೈಮರಿನ (ಫೌಂಡೇಶನ್ನಿನ ಕೆಳಗೆ ಹಚ್ಚುವ ಕ್ರೀಮ್) ಒಂದು ಹನಿ, ಫೌಂಡೇಶನ್ನಿನ ಒಂದು ಹನಿ ಬೆರೆಸಿ. ಒಡೆದ ಹಾಲಿನಂತೆ ಬೇರೆಯಾದರೆ ಆ ಜೋಡಿ ಬೇಡ.

ಹಚ್ಚುವುದು

ಬಾಯಿ ಸುತ್ತ, ಕಣ್ಣಿನ ಕೆಳಗೆ ಕಪ್ಪಿರುವವರು ಮೊದಲು ಅದನ್ನು ನೋಡಿಕೊಳ್ಳಬೇಕು. ಕಪ್ಪಿನ ಮೇಲೆ ನೇರವಾಗಿ ತಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಾಕಿದರೆ ಬೂದು ತೇಪೆ ಗ್ಯಾರಂಟಿ. ನಡುವೆ ಕಿತ್ತಳೆ ಬಣ್ಣದ ಕರೆಕ್ಟರ್ ಬೇಕು, ಯಾಕೆಂದರೆ ಆ ಕಪ್ಪಿನಲ್ಲಿರುವ ನೀಲಿಯನ್ನು ಹೊಡೆಯುವುದು ಕಿತ್ತಳೆ. ಗೋಧಿಬಣ್ಣಕ್ಕೆ ಪೀಚ್, ಅದಕ್ಕಿಂತ ಗಾಢ ಬಣ್ಣಕ್ಕೆ ನಿಜವಾದ ಕಿತ್ತಳೆ. ಎಳ್ಳುಕಾಳಿನಷ್ಟು ತೆಗೆದು ಕಪ್ಪಿರುವಲ್ಲಿ ಮಾತ್ರ ಉಂಗುರ ಬೆರಳಲ್ಲಿ ತಟ್ಟಿ. ಈಗ ಕನ್ನಡಿಯಲ್ಲಿ ಕೋಡಂಗಿಯಂತೆ ಕಾಣುತ್ತೀರಿ, ಹೆದರಬೇಡಿ, ಮೇಲಿನ ಪದರ ಅದನ್ನು ನುಂಗುತ್ತದೆ.

ಫೌಂಡೇಶನ್ ಹಚ್ಚುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದರೆ ಅದು ಉಬ್ಬುತ್ತದೆ. ಗಟ್ಟಿಯಾಗಿ ಹಿಂಡಿ, ಟವೆಲ್ಲಿನಲ್ಲಿ ಸುತ್ತಿ ಇನ್ನೊಮ್ಮೆ ಹಿಂಡಿ. ಒದ್ದೆ ಅನ್ನಿಸಬೇಕು, ತೊಟ್ಟಿಕ್ಕಬಾರದು. ಒಣ ಸ್ಪಂಜು ಅರ್ಧ ಫೌಂಡೇಶನ್ ತಾನೇ ಕುಡಿಯುತ್ತದೆ, ನೀರು ತುಂಬಿದ್ದು ಮುಖದ ಮೇಲೆ ಗೆರೆಗೆರೆ ಬಿಡುತ್ತದೆ.

ಬಾಟಲಿಯನ್ನು ಚೆನ್ನಾಗಿ ಕುಲುಕಿ. ಬಣ್ಣದ ಪುಡಿ ತಳಕ್ಕಿಳಿದಿದ್ದರೆ ಇವತ್ತಿನ ಶೇಡ್ ಒಂದು, ತಿಂಗಳು ಬಿಟ್ಟು ಮತ್ತೊಂದು. ಒಂದು ಪಂಪ್, ಇಲ್ಲವೇ ಕಡಲೆಕಾಳಿನಷ್ಟು ಮುಂಗೈ ಮೇಲೆ ಹಾಕಿಕೊಳ್ಳಿ. ಮುಖಕ್ಕೆ ನೇರ ಸುರಿಯಬೇಡಿ. ಮೂಗಿನ ಎರಡು ಪಕ್ಕ, ಗದ್ದ, ಹಣೆಯ ನಡುವೆ ಚುಕ್ಕೆಯಿಟ್ಟು ಅಲ್ಲಿಂದ ಹೊರಕ್ಕೆ ಒತ್ತುತ್ತಾ ಹೋಗಿ. ಒತ್ತಬೇಕು, ಎಳೆಯಬಾರದು. ಎಳೆದರೆ ಕೆಳಗಿನ ಸನ್‌ಸ್ಕ್ರೀನೂ ಕರೆಕ್ಟರೂ ಕಿತ್ತು ಬರುತ್ತವೆ. ಕೂದಲಂಚು, ಕಿವಿಯ ಮುಂದೆ, ದವಡೆಗೆ ಬರುವಷ್ಟರಲ್ಲಿ ಸ್ಪಂಜಿನಲ್ಲಿ ಉಳಿದದ್ದಷ್ಟೇ ಸಾಕು, ಅದನ್ನೇ ಕತ್ತಿಗೂ ಇಳಿಸಿ. ಕಣ್ಣಿನ ಕೆಳಗೆ ಕೊನೆಯಲ್ಲಿ. ಮೊಡವೆ ಕಲೆ ಇನ್ನೂ ಕಂಡರೆ ಇಡೀ ಮುಖಕ್ಕೆ ಎರಡನೇ ಪದರ ಬೇಡ, ಆ ಕಲೆಯ ಮೇಲೆ ಮಾತ್ರ ಒಂದು ಚುಕ್ಕೆ.

ಒಂದು ನಿಮಿಷ ಬಿಟ್ಟು ಒಮ್ಮೆ ಬಾಯ್ತುಂಬ ನಕ್ಕು ನೋಡಿ. ಮೂಗಿನಿಂದ ಬಾಯಿಗಿಳಿಯುವ ಗೆರೆಯಲ್ಲಿ ಫೌಂಡೇಶನ್ ಕೂಡಿಕೊಂಡಿರುತ್ತದೆ. ಬೆರಳಲ್ಲಿ ತಟ್ಟಿ ಸಮ ಮಾಡಿ, ತಕ್ಷಣ ಅಲ್ಲಿ ಪೌಡರ್ ಒತ್ತಿ. ಈ ಕ್ರಮ ತಪ್ಪಿಸಿ ಗೆರೆಯ ಮೇಲೆಯೇ ಪೌಡರ್ ಹಾಕಿದರೆ ಗೆರೆ ಅಲ್ಲೇ ಅಚ್ಚಾಗುತ್ತದೆ. ಪೌಡರ್ ಹಣೆ, ಮೂಗು, ಗದ್ದಕ್ಕೆ ಸಾಕು. ರಾತ್ರಿ ಆರತಕ್ಷತೆ ಇದ್ದರೆ ಬಣ್ಣವಿಲ್ಲದ ಬಿಳಿ ಪೌಡರನ್ನು ತೀರಾ ಕಡಿಮೆ ಮಾಡಿ: ಅದರಲ್ಲಿರುವ ಸಿಲಿಕಾ, ಸನ್‌ಸ್ಕ್ರೀನಿನ ಜಿಂಕ್ ಮತ್ತು ಟೈಟಾನಿಯಂ ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆದು ಮುಖ ಸುಣ್ಣ ಬಳಿದಂತೆ ಬರುತ್ತದೆ. ಮನೆಯಲ್ಲೇ ದೀಪ ಆರಿಸಿ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದರೆ ಮುಂಚೆಯೇ ಗೊತ್ತಾಗುತ್ತದೆ.

ಮದುಮಗಳಿಗೆ ಒಂದೆರಡು ಮಾತು

ಅರಿಶಿನ ಶಾಸ್ತ್ರದ ಮರುದಿನವೇ ಮುಹೂರ್ತ ಇರುವ ಮನೆಗಳಲ್ಲಿ ಶೇಡ್ ಎಡವಟ್ಟಾಗುವುದು ಮಾಮೂಲು. ಹಿಂದಿನ ವಾರ ಟ್ರಯಲ್ ಮಾಡಿ ಆರಿಸಿದ ಶೇಡ್, ಹಳದಿ ಹತ್ತಿದ ಮುಖದ ಮೇಲೆ ಬೇರೆಯೇ ಕಾಣುತ್ತದೆ. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಸೋಪು ಹಾಕಿ ತಿಕ್ಕಿದರೆ ಚರ್ಮ ಕೆಂಪಾಗುತ್ತದೆ ಅಷ್ಟೆ. ಅದೇ ಸಂಜೆ ಕ್ಲೆನ್ಸಿಂಗ್ ಆಯಿಲ್ ಅಥವಾ ಎಳ್ಳೆಣ್ಣೆಯನ್ನು ಎರಡು ನಿಮಿಷ ಮೆಲ್ಲಗೆ ತಿಕ್ಕಿ, ಹತ್ತಿಯಲ್ಲಿ ಒರೆಸಿ, ಬಳಿಕ ಫೇಸ್‌ವಾಶ್. ಕೂದಲಂಚು, ಕಿವಿ ಹಿಂದೆ, ಕತ್ತು ಮರೆಯಬೇಡಿ. ಹಳದಿ ಗೀಟು ಉಳಿಯುವುದು ಅಲ್ಲೇ. ಅರಿಶಿನ ಹಚ್ಚುವ ಮುನ್ನ ಮುಖಕ್ಕೆ ತೆಳ್ಳಗೆ ವ್ಯಾಸಲೀನ್ ಸವರಿಕೊಂಡಿದ್ದರೆ ಅರ್ಧ ಕೆಲಸ ಉಳಿಯುತ್ತದೆ.

ಬಾಸಿಂಗ ಕಟ್ಟುವ ಪದ್ಧತಿಯಿದ್ದರೆ ಹಣೆಗೆ ತೀರಾ ತೆಳುವಾಗಿ ಹಚ್ಚಿ. ದಪ್ಪವಿದ್ದರೆ ದಾರ ಉಜ್ಜಿದ ಕಡೆ ಕಿತ್ತು ಬಂದು, ಬಿಚ್ಚಿದ ಮೇಲೆ ಎರಡು ಗೆರೆ ಕಾಣುತ್ತದೆ. ಹೋಮದ ಮುಂದೆ ಬೆವರು ಬಂದರೆ ಒರೆಸಬೇಡಿ. ಟಿಶ್ಯೂ ಮಡಿಸಿ ಒತ್ತಿ ತೆಗೆಯಿರಿ, ಅದರ ಮೇಲೆ ಪೌಡರ್. ಬೆವರಿನ ಮೇಲೇ ಪೌಡರ್ ಮೆತ್ತಿದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಕಣ್ಣೀರಿಗೂ ಇದೇ ಕ್ರಮ.

ತೆಗೆಯುವುದು, ಇಡುವುದು

ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಮೊದಲು ಎಣ್ಣೆ ಅಥವಾ ಮೈಸೆಲ್ಲಾರ್ ನೀರು (ಮೇಕಪ್ ತೆಗೆಯುವ ನೀರು), ಆಮೇಲೆ ಫೇಸ್‌ವಾಶ್. ಮೊಡವೆ ಬರುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ.

ಡಬ್ಬಿಯ ಮೇಲೆ ಮುಚ್ಚಳ ತೆರೆದ ಪುಟ್ಟ ಚಿತ್ರದೊಳಗೆ ‘12ಎಂ’ ಎಂದಿದ್ದರೆ ತೆರೆದ ಮೇಲೆ 12 ತಿಂಗಳು. ತೆರೆದ ತಾರೀಕನ್ನು ತಳಕ್ಕೆ ಬರೆದಿಡಿ. ವಾಸನೆ ಕೆಟ್ಟರೆ, ಕುಲುಕಿದರೂ ಎಣ್ಣೆ ಬೇರೆಯಾಗಿಯೇ ನಿಂತರೆ, ತಿಂಗಳು ಲೆಕ್ಕ ಹಾಕದೆ ಎಸೆಯಿರಿ. ರಸ್ತೆಬದಿಯ ಅರ್ಧ ಬೆಲೆಯ ‘ಇಂಪೋರ್ಟೆಡ್’ ಬಾಟಲಿ ಸಿಕ್ಕರೆ ಬ್ಯಾಚ್ ನಂಬರು, ಆಮದು ಮಾಡಿದವರ ವಿಳಾಸ, ನೋಂದಣಿ ಸಂಖ್ಯೆ ಹುಡುಕಿ. ಮೂರೂ ಇಲ್ಲದ್ದನ್ನು ಮುಖಕ್ಕೆ ಹಚ್ಚಬೇಡಿ. ಸ್ಪಂಜನ್ನು ಪ್ರತಿ ಸಲವೂ ಸೋಪು ಹಾಕಿ, ಹಿಂಡಿದ ನೀರು ತಿಳಿಯಾಗುವ ತನಕ ತೊಳೆದು, ಗಾಳಿ ಆಡುವಲ್ಲಿ ಒಣಗಿಸಿ. ಮೇಕಪ್ ಪೌಚಿನೊಳಗೆ ಒದ್ದೆಯಾಗಿ ತುರುಕಿದ ಸ್ಪಂಜಿನ ಹೊಟ್ಟೆಯಲ್ಲಿ ಬೂಸ್ಟು ಬೆಳೆದಿರುತ್ತದೆ. ಅನುಮಾನವಿದ್ದರೆ ಹಳೆಯದೊಂದನ್ನು ಕತ್ತರಿಸಿ ಒಳಗೆ ನೋಡಿ.