ಹೆಸರು ಹಿಡಿದು ಪ್ರಕ್ರಿಯೆ ನಿಲ್ಲಿಸಲು ಹೋಗಿ ಕಳೆದುಕೊಂಡ ಒಂದು ರಾತ್ರಿಯ ಮಳೆ

ಮಾದಾಪುರದ ಸಮೀಪದ ಕಾಫಿ ತೋಟವೊಂದರ ಕಚೇರಿಯಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಬರೆದಿಡುವ ರೂಢಿಯಿದ್ದು, ನಮ್ಮ ರೈಟರ್ (ತೋಟದ ಗುಮಾಸ್ತರು) ಪ್ರತಿದಿನ ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ದಾಖಲಿಸುತ್ತಾರೆ. ಅದಕ್ಕೆ ಜೊತೆಯಾಗಿರಲೆಂದು ನಾನು ಬಟ್ಟಲು ಮಗುಚುವ ಬಗೆಯ ಮಾಪಕವೊಂದನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಜೋಡಿಸಿದೆ. ಬಟ್ಟಲು ಒಮ್ಮೆ ಮಗುಚಿದರೆ 0.2 ಮಿಲಿಮೀಟರ್ ಮಳೆ ಎಂದು ಲೆಕ್ಕ. ಆ ಪುಟ್ಟ ಯಂತ್ರದಲ್ಲಿ ಪೈಥಾನ್‌ನಲ್ಲಿ ಬರೆದ ಮೂರು ಪ್ರೋಗ್ರಾಂಗಳು ಸದಾ ಓಡುತ್ತಿದ್ದವು: ಮಳೆ ಎಣಿಸುವ ‘ಮಳೆ.ಪಿವೈ’, ಲೆಕ್ಕವನ್ನು ಮೊಬೈಲಿಗೆ ಕಳುಹಿಸುವ ‘ಸಂದೇಶ.ಪಿವೈ’, ಕಡತಗಳ ಪ್ರತಿ ತೆಗೆಯುವ ‘ನಕಲು.ಪಿವೈ’.

ಜುಲೈ ತಿಂಗಳ ಒಂದು ಸಂಜೆ ಇಂಟರ್‌ನೆಟ್ ಕೈಕೊಟ್ಟು ಸಂದೇಶದ ಪ್ರೋಗ್ರಾಂ ಸ್ತಬ್ಧವಾಯಿತು. ಪ್ರಕ್ರಿಯೆಯ (ಓಡುತ್ತಿರುವ ಪ್ರೋಗ್ರಾಮಿನ) ಸಂಖ್ಯೆಯನ್ನು ಹುಡುಕುವ ತಾಳ್ಮೆಯಿಲ್ಲದೆ ‘ಕಿಲ್‌ಆಲ್ ಪೈಥಾನ್3’ ಎಂದು, ಅಂದರೆ ‘ಪೈಥಾನ್3’ ಹೆಸರಿನದೆಲ್ಲವನ್ನೂ ನಿಲ್ಲಿಸು ಎಂದು ಟೈಪಿಸಿ, ಸಂದೇಶವನ್ನು ಮಾತ್ರ ಮತ್ತೆ ಆರಂಭಿಸಿ ಮನೆಗೆ ಹೋದೆ. ಮರುದಿನ ರೈಟರ್ ಪುಸ್ತಕ ತೆರೆದು ಕೇಳಿದರು: “ಏನು ಸಾರ್, ರಾತ್ರಿ 4 ಇಂಚು 20 ಸೆಂಟು ಬಿದ್ದಿದೆ. ನಿಮ್ಮ ಮೆಷಿನ್ ಮಲಗಿತ್ತಾ?” ಸುಮಾರು 533 ಬಾರಿ ಮಗುಚಿದ್ದ ಬಟ್ಟಲನ್ನು ಎಣಿಸುವವರೇ ಇರಲಿಲ್ಲ.

ಕಾರಣ ಸರಳವಾದರೂ ನನಗೆ ಹೊಳೆದಿರಲಿಲ್ಲ. ನಾನು ಕಡತಕ್ಕೆ ಇಟ್ಟ ಹೆಸರು ಬೇರೆ, ಆ ಯಂತ್ರವನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಆ ಪ್ರಕ್ರಿಯೆಯನ್ನು ಗುರುತಿಸುವ ಹೆಸರು ಬೇರೆ. ಪೈಥಾನ್ ಮೂಲಕ ಓಡಿಸಿದ ಮೂರೂ ಪ್ರೋಗ್ರಾಂಗಳಿಗೆ ಕರ್ನೆಲ್ (ಲಿನಕ್ಸ್‌ನ ತಿರುಳು) ಇಟ್ಟುಕೊಂಡಿದ್ದ ಹೆಸರು ‘ಪೈಥಾನ್3’ ಎಂಬುದೊಂದೇ. ಆ ಹೆಸರಿಗೆ 15 ಬೈಟುಗಳ ಮಿತಿಯೂ ಇದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರ ಸಂಕೇತಕ್ಕೆ 3 ಬೈಟು ಬೇಕಾಗುವುದರಿಂದ, ನೇರವಾಗಿ ಓಡುವ ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟರೆ ಐದು ಅಕ್ಷರ ಸಂಕೇತಗಳಿಗೆ ಜಾಗ ಮುಗಿಯುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳ ಚಿಹ್ನೆಗಳೂ ಈ ಐದರೊಳಗೇ ಸೇರಬೇಕು.

ಅಂದಿನಿಂದ ನಾನು ‘ಪಿಗ್ರೆಪ್’ ಮತ್ತು ‘ಪಿಕಿಲ್’ ಎಂಬ ಜೋಡಿ ಆಜ್ಞೆಗಳಿಗೆ ಹೊರಳಿದೆ. ಯೂನಿಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಯಾದ ಸೊಲಾರಿಸ್ 7ರಲ್ಲಿ ಮೊದಲು ಬಂದ ಇವು ಈಗ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿವೆ. (ಅದೇ ಸೊಲಾರಿಸ್‌ನಲ್ಲಿ ‘ಕಿಲ್‌ಆಲ್’ ಎಂದರೆ ಹೆಸರು ನೋಡದೆ ಎಲ್ಲ ಪ್ರಕ್ರಿಯೆಗಳನ್ನೂ ನಿಲ್ಲಿಸುವ ಆಜ್ಞೆ, ಅಂಥ ಯಂತ್ರ ನಮ್ಮಲ್ಲಿಲ್ಲದಿರುವುದು ನನ್ನ ಪುಣ್ಯ.) ಮೊದಲನೆಯದು ಹುಡುಕಿ ತೋರಿಸುತ್ತದೆ, ಎರಡನೆಯದು ಅದೇ ಹುಡುಕಾಟ ನಡೆಸಿ, ಸಿಕ್ಕ ಪ್ರಕ್ರಿಯೆಗಳಿಗೆ ನಿಲ್ಲು ಎಂಬ ಸಂಕೇತ (ಸಿಗ್ನಲ್) ಕಳುಹಿಸುತ್ತದೆ. ಇಬ್ಬರ ನಿಯಮವೂ ಒಂದೇ ಆಗಿರುವುದರಿಂದ, ‘ಪಿಗ್ರೆಪ್ -ಎಎಫ್ ಸಂದೇಶ’ ಎಂದು ನೋಡಿ, ಬಂದ ಸಾಲುಗಳನ್ನು ಓದಿ, ಬೇಕಾದದ್ದು ಮಾತ್ರ ಬಂದಿದೆ ಎಂದು ಖಚಿತವಾದ ಮೇಲೆ ‘ಪಿಕಿಲ್ -ಎಫ್ ಸಂದೇಶ’ ಎಂದು ಬರೆಯುತ್ತೇನೆ. ಇಲ್ಲಿ ‘-ಎಫ್’ ಎಂದರೆ ಪ್ರಕ್ರಿಯೆಯ ಮೊಟಕು ಹೆಸರನ್ನಲ್ಲ, ಆಜ್ಞೆಯ ಇಡೀ ಸಾಲನ್ನು ನೋಡು ಎಂದರ್ಥ.

ಹುಡುಕಿ ನೋಡುವ ಆ ಮೊದಲ ಹೆಜ್ಜೆಯನ್ನು ನಾನು ಒಮ್ಮೆ ಬಿಟ್ಟಿದ್ದೇನೆ. ‘ಪಿಕಿಲ್ -ಎಫ್ ಮಳೆ’ ಎಂದಾಗ, ಎಣಿಸುವ ಪ್ರೋಗ್ರಾಂ ಮಾತ್ರವಲ್ಲದೆ, ಇನ್ನೊಂದು ಕಿಟಕಿಯಲ್ಲಿ ಅದೇ ಕಡತವನ್ನು ತಿದ್ದುತ್ತಿದ್ದ ನ್ಯಾನೋ ಎಂಬ ಪಠ್ಯ ಸಂಪಾದಕ ಕೂಡ ಮುಚ್ಚಿಕೊಂಡಿತು, ಏಕೆಂದರೆ ಅದರ ಆಜ್ಞಾ ಸಾಲಿನಲ್ಲೂ ‘ಮಳೆ’ ಇತ್ತು. ಇಂಥ ಹೊತ್ತಿನಲ್ಲಿ ನ್ಯಾನೋ ತಿದ್ದುತ್ತಿದ್ದುದನ್ನು ಬೇರೊಂದು ಕಡತವಾಗಿ ಉಳಿಸುವುದರಿಂದ ಕೆಲಸ ಹಾಳಾಗಲಿಲ್ಲ. ಈಗ ‘ಪೈಥಾನ್3 ಮಳೆ’ ಎಂದು ಉದ್ಧರಣ ಚಿಹ್ನೆಗಳೊಳಗೆ ಉದ್ದವಾಗಿ ಬರೆಯುತ್ತೇನೆ. ಯಂತ್ರವನ್ನು ಇನ್ನೊಬ್ಬರೂ ಬಳಸುತ್ತಿದ್ದರೆ ‘-ಯು’ ಜೊತೆಗೆ ಬಳಕೆದಾರರ ಹೆಸರನ್ನೂ ಸೇರಿಸುತ್ತೇನೆ.

ಸಂಕೇತದ ವಿಷಯದಲ್ಲಿಯೂ ಪಾಠ ಕಲಿಯಬೇಕಾಯಿತು. ‘-9’ ಸೇರಿಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಯಾರೋ ಹೇಳಿದ್ದನ್ನೇ ನಾನು ರೂಢಿ ಮಾಡಿಕೊಂಡಿದ್ದೆ. ನನ್ನ ಎಣಿಕೆ 10 ನಿಮಿಷಕ್ಕೊಮ್ಮೆ ಮಾತ್ರ ಕಡತಕ್ಕೆ ಇಳಿಯುತ್ತಿದ್ದುದರಿಂದ, 9ನೆಯ ಸಂಕೇತ ತಗಲಿದಾಗಲೆಲ್ಲ ಕಡತಕ್ಕಿಳಿಯದ ಎಣಿಕೆ ಅಳಿದುಹೋಗುತ್ತಿತ್ತು; ಆ ಸಂಕೇತವನ್ನು ಯಾವ ಪ್ರೋಗ್ರಾಮೂ ತಡೆದು ಉತ್ತರಿಸಲಾರದು. ಏನನ್ನೂ ಸೇರಿಸದಿದ್ದರೆ ಪಿಕಿಲ್ ಕಳುಹಿಸುವುದು 15ನೆಯ ಸಂಕೇತವನ್ನು. ಅದನ್ನು ಹಿಡಿದು, ಸಾಮಾನು ಸರಂಜಾಮು ಕಟ್ಟಿಕೊಂಡು ಹೊರಡಲು ಪ್ರೋಗ್ರಾಮಿಗೆ ಅವಕಾಶವಿದೆ. ಆದರೆ ಪೈಥಾನ್ ತಾನಾಗಿ ಅದನ್ನು ಹಿಡಿಯುವುದಿಲ್ಲವೆಂದು ತಿಳಿದದ್ದು ಇನ್ನೊಂದು 10 ನಿಮಿಷದ ಲೆಕ್ಕ ಹೋದ ಮೇಲೆ. ‘ಸಿಗ್ನಲ್’ ಎಂಬ ಮಾಡ್ಯೂಲ್ ಬಳಸಿ, 15 ಬಂದೊಡನೆ ಎಣಿಕೆಯನ್ನು ಕಡತಕ್ಕೆ ಬರೆದು ನಿಲ್ಲು ಎಂಬ ಕೆಲವು ಸಾಲುಗಳನ್ನು ನಾನೇ ಸೇರಿಸಿದೆ. ಹೀಗಾಗಿ ಈಗ 15 ಕಳುಹಿಸಿ, ಅರ್ಧ ನಿಮಿಷ ಕಾದು, ಪಿಗ್ರೆಪ್‌ನಲ್ಲಿ ಇನ್ನೂ ಕಾಣಿಸಿದರೆ ಮಾತ್ರ 9ಕ್ಕೆ ಕೈಹಾಕುತ್ತೇನೆ. ಹಳೆಯ ಯುಎಸ್‌ಬಿ ಡಿಸ್ಕಿನ ಉತ್ತರಕ್ಕೆ ಕಾದು ಕುಳಿತ ‘ನಕಲು’ ಒಮ್ಮೆ ಅದಕ್ಕೂ ಜಗ್ಗಲಿಲ್ಲ. ಡಿಸ್ಕಿನ ತಂತಿ ಕಿತ್ತ ಮೇಲೆಯೇ ಹೋಯಿತು.

ಕಚೇರಿಯ ವಿಂಡೋಸ್ ಯಂತ್ರದಲ್ಲಿ ‘ಟಾಸ್ಕ್‌ಕಿಲ್ /ಐಎಮ್’ ಇದೇ ಕೆಲಸ ಮಾಡುತ್ತದೆ. ಆದರೆ ಎಕ್ಸೆಲ್‌ನ ಹೆಸರು ಕೊಟ್ಟು ‘/ಎಫ್’ ಸೇರಿಸಿದರೆ ತೆರೆದಿರುವ ಎಕ್ಸೆಲ್ ಎಲ್ಲವೂ ಉಳಿಸದೆ ಮುಚ್ಚಿಕೊಳ್ಳುತ್ತವೆ. ಕೂಲಿ ಬಟವಾಡೆಯ ದಿನ ನಾನು ಅದನ್ನು ಮುಟ್ಟುವುದಿಲ್ಲ. ಪೈಯಲ್ಲಿನ ಆ ಜುಲೈ ರಾತ್ರಿಯ ಖಾಲಿ ಸಾಲಿಗೆ 4 ಇಂಚು 20 ಸೆಂಟನ್ನು ರೈಟರ್ ಪುಸ್ತಕ ನೋಡಿ ಕೈಯಿಂದಲೇ ತುಂಬಿದ್ದೇನೆ.